ಸಾರಥಿಯಿಲ್ಲದ ರಥ: ಕೀಲ್ಪಾಕಿನ ದಾರಿಯಲ್ಲಿ ವಾಹನಸೌಂದರ್ಯದ ವಿಚಾರ

೧

ಚೆನ್ನೈ ನಗರದ ಸೆಂಟ್ರಲ್ ರೈಲುನಿಲ್ದಾಣದ ಸಮೀಪದಿಂದ ಪಶ್ಚಿಮಕ್ಕೆ ಪೂನಮಲ್ಲಿಯ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಕೀಲ್ಪಾಕ್ ಎಂಬ ಬಡಾವಣೆಯಿದೆ. ಆ ಹೆದ್ದಾರಿಯನ್ನು ಈಗ ಈ.ವೆ.ರಾ. ಪೆರಿಯಾರರ ಹೆಸರಿನಿಂದ ಕರೆಯುತ್ತಾರೆ. ತಮಿಳುನಾಡಿನ ರಾಜಕಾರಣದ ದಿಕ್ಕನ್ನು ಬದಲಿಸಿದ ಆ ನಾಯಕರ ಮನೆಮಾತು ಕನ್ನಡವಾಗಿದ್ದಿತೆಂಬುದು ವಾಚಕರಿಗೆ ತಿಳಿದ ವಿಷಯವೆ. ಬಡಾವಣೆಯ ತಮಿಳು ಹೆಸರು ಕೀೞ್ಪಾಕ್ಕಂ. ಅದರ ಮೊದಲ ಭಾಗವಾದ 'ಕೀೞ್' ಹಳಗನ್ನಡದಲ್ಲಿಯೂ ಇರುವ ಶಬ್ದ. ಕೆಳಗು, ತಗ್ಗು ಎಂದು ಅದರ ಅರ್ಥ. ತಮಿಳಿನಲ್ಲಿ ಅದು ಪೂರ್ವದಿಕ್ಕಿಗೂ ಸಲ್ಲುತ್ತದೆ.

ಹೆಸರಿನ ಮೂಲಾರ್ಥ ಏನೇ ಇರಲಿ, ಕೀಲ್ಪಾಕಿನ ಸಂಚಾರವು ಇಂದು ನಿಜವಾಗಿಯೂ ನೆಲದ ಕೆಳಗೆ ಇಳಿದಿದೆ. ೨೦೧೭ನೆಯ ಇಸವಿ ಮೇ ೧೪ರಂದು ತಿರುಮಂಗಲದಿಂದ ನೆಹರೂ ಪಾರ್ಕಿನವರೆಗೆ ಚೆನ್ನೈಯ ಮೊದಲ ನೆಲದಡಿಯ ಮೆಟ್ರೋ ಮಾರ್ಗವು ತೆರೆಯಿತು. ಅದರ ನಿಲ್ದಾಣಗಳಲ್ಲೊಂದು ಕೀಲ್ಪಾಕ್ ವೈದ್ಯಕೀಯ ಕಾಲೇಜಿನ ಬಳಿಯದು. ಆ ರೈಲಿನ ಮುಂಭಾಗದಲ್ಲಿ ಚಾಲಕನಿದ್ದಾನೆ. ಇದೇ ನಿಲ್ದಾಣದ ಬಳಿಗೆ ಮೆಟ್ರೋವಿನ ಎರಡನೆಯ ಘಟ್ಟಕ್ಕೆ ಸೇರಿದ ಇನ್ನೊಂದು ಮಾರ್ಗವೂ ಬಂದು ಕೂಡುವಂತೆ ಯೋಜಿಸಲಾಗಿದೆ. ಉತ್ತರದ ಮಾಧವರಂನಿಂದ ಹೊರಟು ಕೆಲ್ಲೀಸ್, ಕೀಲ್ಪಾಕ್, ಚೇತ್‌ಪಟ್, ಮೈಲಾಪುರಗಳ ಮೂಲಕ ದಕ್ಷಿಣದ ಸಿಪ್ಕಾಟ್‌ವರೆಗೆ ಹೋಗುವ ಸುಮಾರು ೪೫ ಕಿಲೋಮೀಟರುಗಳ ಆ ಮಾರ್ಗದ ರೈಲುಗಳಿಗೆ ಚಾಲಕನಿರುವುದಿಲ್ಲ. ಹೀಗೆ ಸಾರಥಿಯುಳ್ಳ ರಥವೂ ಸಾರಥಿಯಿಲ್ಲದ ರಥವೂ ಕೀಲ್ಪಾಕಿನ ಒಂದೇ ನಿಲ್ದಾಣದಲ್ಲಿ ಸಂಧಿಸಬೇಕಾಗಿದೆ.

ಈ ಸಂಧಿಯನ್ನು ಎಂಜಿನಿಯರುಗಳ ಸಾಧನೆಯೆಂದು ಮಾತ್ರ ನೋಡಿದರೆ ಸಾಲದು. ವಾಹನವು ಮನುಷ್ಯನನ್ನು ಒಯ್ಯುವ ಸಾಧನವಷ್ಟೇ ಅಲ್ಲ. ಪ್ರತಿದಿನವೂ ಅವನ ಕಣ್ಣಿಗೆ ಬೀಳುವ, ಕಿವಿಗೆ ಕೇಳುವ, ಮೈಗೆ ತಾಗುವ ವಸ್ತು. ಅದರ ಅಂದಚಂದಗಳು ಯಾರ ಕಣ್ಣಿಗಾಗಿ ಏರ್ಪಟ್ಟಿವೆ, ಆ ಅಂದವು ಯಾರ ದುಡಿಮೆಯನ್ನು ತೋರಿಸುತ್ತದೆ, ಯಾರ ದುಡಿಮೆಯನ್ನು ಮರೆಸುತ್ತದೆ ಎಂಬ ಪ್ರಶ್ನೆಗಳಿಗೆ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಪರಿಶೀಲಿಸಿದರೆ, ಸಾರಥಿಯು ಪ್ರಯಾಣಿಕನ ಕಣ್ಣಿನಿಂದ ಮರೆಯಾದುದು ಒಂದು ದಿನದಲ್ಲಲ್ಲ, ಹಲವು ತಲೆಮಾರುಗಳ ಅವಧಿಯಲ್ಲಿ ಹಂತಹಂತವಾಗಿ ಎಂಬುದು ವಿದಿತವಾಗುತ್ತದೆ.

೨

ನಿತ್ಯಜೀವನದ ಸಾಮಾನ್ಯ ವಸ್ತುಗಳ ಸೌಂದರ್ಯವನ್ನು ಶಾಸ್ತ್ರೀಯವಾಗಿ ವಿಚಾರಿಸುವ ಪರಿಪಾಟಿಯು ಪಾಶ್ಚಾತ್ಯ ದೇಶಗಳ ತತ್ತ್ವಶಾಸ್ತ್ರದಲ್ಲಿ ಈಚೆಗೆ ಬಲವಾಗಿ ಬೆಳೆದಿದೆ. ಯುರಿಕೊ ಸೈಟೊ ಎಂಬ ವಿದುಷಿಯು ೨೦೦೭ರಲ್ಲಿ ಈ ವಿಷಯವನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಭಾರತೀಯರಿಗೆ ಇದು ಪೂರ್ತಿಯಾಗಿ ಹೊಸದಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಸಾಧಿಸಿದಾಗ, ಆಭರಣವು ಅದರ ತಕ್ಕ ಸ್ಥಾನದಲ್ಲಿದ್ದರೆ ಮಾತ್ರ ಆಭರಣ, ಇಲ್ಲವಾದರೆ ನಗೆಗೀಡು ಎಂಬ ಲೋಕಾನುಭವವನ್ನೇ ಆಧಾರವಾಗಿ ಹಿಡಿದನು. ಈ ಔಚಿತ್ಯದ ಅಳತೆಗೋಲನ್ನು ವಾಹನಕ್ಕೂ ಹಿಡಿದು ನೋಡಬಹುದು.

ಸಾರಥ್ಯವೆಂಬ ಕೆಲಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಅಂಗಗಳು ಕಾಣುತ್ತವೆ. ದಾರಿಯನ್ನು ಆರಿಸುವುದು ಮೊದಲನೆಯದು. ವೇಗವನ್ನು ಹದದಲ್ಲಿಡುವುದು ಎರಡನೆಯದು. ಅಡ್ಡ ಬಂದ ಮಗುವನ್ನು, ಹಳ್ಳವನ್ನು, ಏರಲು ತಡವಾದ ಮುದುಕಿಯನ್ನು ಕಂಡು ಅದಕ್ಕೆ ತಕ್ಕಂತೆ ನಡೆದುಕೊಳ್ಳುವ ಎಚ್ಚರವು ಮೂರನೆಯದು. ದಾರಿ, ವೇಗ, ಎಚ್ಚರ, ಈ ಮೂರೂ ಒಬ್ಬನಲ್ಲಿಯೇ ಕೂಡಿರಬೇಕೆಂಬ ನಿಯಮವೇನೂ ಇಲ್ಲ. ಒಂದೊಂದು ಕಾಲದಲ್ಲಿ ಒಂದೊಂದು ಅಂಗವು ಮನುಷ್ಯನ ಕೈಬಿಟ್ಟು ಬೇರೊಂದಕ್ಕೆ ಸೇರಿತು.

ಸಾರಥಿಯನ್ನು ಗೌರವಿಸಿದ ಜನರಲ್ಲಿ ಭಾರತೀಯರಿಗೆ ಸಮಾನರು ವಿರಳ. ಚೆನ್ನೈಯ ತಿರುವಲ್ಲಿಕ್ಕೇಣಿಯಲ್ಲಿ ಪಾರ್ಥಸಾರಥಿಯ ದೇವಾಲಯವಿದೆ. ಅಲ್ಲಿಯ ಮೂಲವಿಗ್ರಹಕ್ಕೆ ಮೀಸೆಯುಂಟು. ಉತ್ಸವಮೂರ್ತಿಯ ಮುಖದ ಮೇಲೆ ಭೀಷ್ಮನ ಬಾಣಗಳ ಗಾಯದ ಗುರುತುಗಳಿವೆ ಎಂದು ಭಕ್ತರು ಭಾವಿಸುತ್ತಾರೆ. ರಥದಲ್ಲಿ ಮುಂದೆ ಕುಳಿತವನಿಗೇ ಮೊದಲ ಪೆಟ್ಟು ಎಂಬ ಸತ್ಯವನ್ನು ಶಿಲ್ಪಿಯು ದೇವರ ಮುಖದ ಮೇಲೆಯೇ ಬರೆದಿಟ್ಟಿದ್ದಾನೆ. ಕನ್ನಡದ ಭಾರತಕಥೆಯಲ್ಲಿ ಶಲ್ಯನು ಕರ್ಣನ ಮೇಲೆ ಮುನಿದು ರಥವನ್ನಿಳಿದು ಹೋಗುವ ಪ್ರಸಂಗವೂ ಇಲ್ಲಿ ನೆನಪಿಗೆ ಬರುತ್ತದೆ. ಬಿಲ್ಲು, ಬಾಣ, ಕುದುರೆ ಎಲ್ಲವೂ ಇದ್ದರೂ ಸಾರಥಿಯೊಬ್ಬನು ಇಲ್ಲವಾದ ಮೇಲೆ ಆ ವೀರನು ತಾನೇ ನೆಲಕ್ಕಿಳಿದು ಹೂತ ಚಕ್ರವನ್ನು ಎತ್ತಬೇಕಾಯಿತು.

ಇದಕ್ಕೆ ವಿರುದ್ಧವಾದ ಕಲ್ಪನೆಯೂ ನಮ್ಮ ಪುರಾಣಗಳಲ್ಲಿದೆ. ಕುಬೇರನಿಂದ ರಾವಣನಿಗೂ, ರಾವಣನ ವಧೆಯ ತರುವಾಯ ರಾಮನಿಗೂ ಒದಗಿದ ಪುಷ್ಪಕವಿಮಾನವು ಒಡೆಯನ ಇಚ್ಛೆಯನ್ನರಿತು ತಾನೇ ಚಲಿಸತಕ್ಕದ್ದು. ಎಂದರೆ ಸಾರಥಿಯೇ ದೇವರಾದ ರಥ, ಸಾರಥಿಯೇ ಬೇಡವಾದ ವಿಮಾನ, ಎರಡನ್ನೂ ಇದೇ ಪರಂಪರೆ ಕಲ್ಪಿಸಿತು. ಇವುಗಳಲ್ಲಿ ಎರಡನೆಯದನ್ನು ನೆಲದ ಮೇಲೆ ತರಲು ಹೊರಟ ನಗರಕ್ಕೆ ಮೊದಲನೆಯದರ ನೆನಪೂ ಇರಬೇಕಾದುದು ಆವಶ್ಯಕ.

೩

ಇಂಗ್ಲಿಷರ ಕಾಲದಲ್ಲಿ ಕೀಲ್ಪಾಕು ತೋಟದ ಮನೆಗಳ ಪ್ರದೇಶವಾಗಿದ್ದಿತು. ಕೋಟೆಯ ಬಳಿ ವ್ಯವಹಾರ ನಡೆಸುತ್ತಿದ್ದ ಅಧಿಕಾರಿಗಳೂ ವರ್ತಕರೂ ಊರ ಹೊರಗೆ ವಿಶಾಲವಾದ ಆವರಣಗಳಲ್ಲಿ ಮನೆಗಳನ್ನು ಕಟ್ಟಿಕೊಂಡರು. ಟೇಲರ್ಸ್ ರೋಡ್, ಆರ್ಮ್ಸ್ ರೋಡ್, ಲ್ಯಾಂಡನ್ಸ್ ರೋಡ್, ಬಾರ್ನಬಿ ರೋಡ್ ಮುಂತಾದ ಬೀದಿಯ ಹೆಸರುಗಳು ಆ ಕಾಲದ ಉಳಿಕೆಗಳು. ತೋಟದ ಮನೆಯ ರಚನೆಯಲ್ಲಿ ಗಮನಾರ್ಹವಾದ ಅಂಶವೊಂದುಂಟು. ಹೆಬ್ಬಾಗಿಲಿನಿಂದ ಮನೆಯವರೆಗೆ ಬಳಸಿ ಬರುವ ದಾರಿ, ಗಾಡಿಯು ಬಂದು ನಿಲ್ಲುವುದಕ್ಕಾಗಿ ಕಂಬಗಳ ಮೇಲೆ ಚಾಚಿದ ಮುಂಚಾವಣಿ, ಹಿಂಭಾಗದಲ್ಲಿ ಲಾಯ, ಲಾಯದ ಮಗ್ಗುಲಲ್ಲಿ ಕುದುರೆಯವನ ಕೋಣೆ, ಇವೆಲ್ಲವೂ ವಾಹನವನ್ನು ಅನುಸರಿಸಿ ಏರ್ಪಟ್ಟುವು. ಒಡೆಯನು ಇಳಿಯುವಾಗ ನೆರಳು. ಗಾಡಿ ನಡೆಸಿದವನು ಹಿತ್ತಿಲಿಗೆ. ಮನೆಯ ನಕ್ಷೆಯಲ್ಲಿಯೇ ಸಾರಥಿಯ ಸ್ಥಾನವು ಬರೆಯಲ್ಪಟ್ಟಿದ್ದಿತು.

ಅದಕ್ಕಿಂತ ಹಿಂದಿನ ವಾಹನವು ಪಲ್ಲಕ್ಕಿ. ಅದರಲ್ಲಿ ದಾರಿ, ವೇಗ, ಎಚ್ಚರ ಮೂರೂ ಬೋಯಿಗಳದೇ. ಯಂತ್ರವೂ ಅವರೇ, ಸಾರಥಿಯೂ ಅವರೇ. ಒಳಗಿನವನಿಗೆ ದಿಂಬು, ಪರದೆ, ಬಣ್ಣ. ಹೊರಗಿನವನಿಗೆ ಹೆಗಲ ಮೇಲಿನ ದಂಡಿಗೆ. ಬೋಯಿಗಳು ಹೆಜ್ಜೆಯನ್ನು ಹೊಂದಿಸಿಕೊಳ್ಳುವುದಕ್ಕಾಗಿ ಒಕ್ಕೊರಲಿನಿಂದ ಹಾಡಿಕೊಳ್ಳುತ್ತಿದ್ದ ಪದವು ಒಳಗೆ ಮಲಗಿದವನಿಗೆ ಜೋಗುಳದಂತೆ ಕೇಳಿಸಿರಬಹುದು. ದುಡಿಮೆಯ ಉಸಿರು ಇನ್ನೊಬ್ಬನ ಕಿವಿಗೆ ಇಂಪಾಯಿತು. ಕಣ್ಣಿಗೆ ಹಿತವಾದ ಅಂದವೊಂದು ಔಚಿತ್ಯದ ಅಳತೆಯಲ್ಲಿ ಸೋಲುವುದಕ್ಕೆ ಪಲ್ಲಕ್ಕಿಯು ಸ್ಪಷ್ಟವಾದ ನಿದರ್ಶನ.

ಎತ್ತಿನ ಗಾಡಿಯ ಸಂಗತಿ ಬೇರೆ. ತಾನೇ ಚಲಿಸುವ ವಾಹನವು ಇಪ್ಪತ್ತೊಂದನೆಯ ಶತಮಾನದ ನಿರ್ಮಾಣವೆಂದು ಭಾವಿಸುವವರು ರಾತ್ರಿಯ ಹೆದ್ದಾರಿಗಳಲ್ಲಿ ಸಾಲಾಗಿ ಸಾಗುತ್ತಿದ್ದ ಗಾಡಿಗಳನ್ನು ಮರೆತಿರುತ್ತಾರೆ. ಸಂತೆಗೆ ಹೊರಟ ಗಾಡಿಗಳಲ್ಲಿ ಮುಂದಿನವನೊಬ್ಬನು ಎಚ್ಚರವಾಗಿದ್ದರೆ ಹಿಂದಿನವರು ಮೂಟೆಗಳ ಮೇಲೆ ಒರಗಿ ನಿದ್ರೆಮಾಡುವುದು ಮೈಸೂರು ಸೀಮೆಯಲ್ಲಿಯೂ ತಮಿಳು ಸೀಮೆಯಲ್ಲಿಯೂ ಕಂಡುಬರುತ್ತಿದ್ದ ವಾಡಿಕೆ. ಎತ್ತುಗಳು ಮುಂದಿನ ಗಾಡಿಯ ಕೆಳಗೆ ತೂಗುವ ಲಾಂದ್ರದ ಬೆಳಕನ್ನು ಹಿಂಬಾಲಿಸುತ್ತಿದ್ದುವು. ಬರಿದಾದ ಗಾಡಿಯನ್ನು ಮನೆಯ ಬಾಗಿಲಿಗೇ ತಂದು ನಿಲ್ಲಿಸುತ್ತಿದ್ದುವು. ಇಲ್ಲಿ ದಾರಿಯೂ ವೇಗವೂ ಎಚ್ಚರದ ಬಹುಭಾಗವೂ ಪ್ರಾಣಿಗೆ ಸೇರಿದ್ದುವು. ಎತ್ತಿನ ಕೊರಳ ಗಂಟೆ ಅಲಂಕಾರವೂ ಹೌದು, ಎದುರು ಬರುವವನಿಗೆ ಎಚ್ಚರಿಕೆಯೂ ಹೌದು. ಅಲಂಕಾರವೂ ಪ್ರಯೋಜನವೂ ಹೀಗೆ ಒಂದೇ ವಸ್ತುವಿನಲ್ಲಿ ಕೂಡಿದ ಉದಾಹರಣೆಗಳು ಮುಂದಿನ ವಾಹನಗಳಲ್ಲಿ ಕಡಮೆ. ನಿದ್ರಿಸುವ ಗಾಡಿಯವನನ್ನು ಅಂದು ಯಾರೂ ಸಾರಥಿಯಲ್ಲವೆಂದು ಹೇಳಲಿಲ್ಲ. ಮೋಟಾರುಗಳು ಬಂದು ರಸ್ತೆಯ ವೇಗವು ಹೆಚ್ಚಿದ ಮೇಲೆಯೇ ಅವನ ನಿದ್ರೆಯು ಅಪಾಯವೆನಿಸಿತು.

೪

ಮನುಷ್ಯನ ಕೈಯಿಂದ ದಾರಿಯನ್ನು ಮೊದಲು ಕಿತ್ತುಕೊಂಡದ್ದು ಕಬ್ಬಿಣದ ಕಂಬಿ. ಮದರಾಸಿನಲ್ಲಿ ೧೮೯೫ನೆಯ ಇಸವಿ ಮೇ ೭ರಂದು ವಿದ್ಯುತ್ ಟ್ರಾಮು ಓಡಲಾರಂಭಿಸಿತು. ಭಾರತದಲ್ಲಿ ಅದೇ ಮೊದಲನೆಯದು. ಆರಂಭದಲ್ಲಿ ವಿದ್ಯುತ್ತನ್ನು ನೆಲದ ಕೆಳಗಿನ ನಾಳದಿಂದ ಒದಗಿಸುತ್ತಿದ್ದರು. ತರುವಾಯ ತಲೆಯ ಮೇಲಿನ ತಂತಿಯನ್ನು ಅವಲಂಬಿಸಿದರು. ಟ್ರಾಮಿನ ಚಾಲಕನಿಗೆ ತಿರುಗಿಸುವ ಚಕ್ರವಿಲ್ಲ. ಅವನು ಎದ್ದುನಿಂತು ಒಂದು ಕೈಯಲ್ಲಿ ವೇಗದ ಹಿಡಿಯನ್ನೂ ಮತ್ತೊಂದರಲ್ಲಿ ಬ್ರೇಕನ್ನೂ ಹಿಡಿದು, ಕಾಲಿನಿಂದ ಗಂಟೆ ಬಾರಿಸುತ್ತಿದ್ದನು. ದಾರಿಯು ಕಂಬಿಗೆ ಸೇರಿತು. ವೇಗ ಮತ್ತು ಎಚ್ಚರಗಳು ಅವನಲ್ಲಿ ಉಳಿದುವು. ಆದರೂ ಅವನು ಮರೆಯಾಗಲಿಲ್ಲ. ಬೀದಿಯಲ್ಲಿ ನಡೆಯುವ ಜನರ ಕಣ್ಣೆದುರಿಗೇ ನಿಂತಿರುತ್ತಿದ್ದನು. ೧೯೫೩ನೆಯ ಇಸವಿ ಏಪ್ರಿಲ್ ೧೨ರಂದು ನಷ್ಟದ ಕಾರಣದಿಂದ ಮದರಾಸಿನ ಟ್ರಾಮು ನಿಂತುಹೋಯಿತು.

ಕೀಲ್ಪಾಕಿನ ದಕ್ಷಿಣಕ್ಕಿರುವ ಚೇತ್‌ಪಟ್ ನಿಲ್ದಾಣದ ಮೂಲಕ ೧೯೩೧ರಲ್ಲಿ ಬೀಚಿನಿಂದ ತಾಂಬರಕ್ಕೆ ವಿದ್ಯುತ್ ರೈಲು ಸಂಚರಿಸತೊಡಗಿತು. ಅದರಲ್ಲಿ ಚಾಲಕನು ಗೋಡೆಯಿಂದ ಮುಚ್ಚಿದ ಕೋಣೆಯನ್ನು ಸೇರಿದನು. ಪ್ರಯಾಣಿಕನಿಗೆ ಅವನ ಬೆನ್ನೂ ಕಾಣದು. ಆ ದಿನದಿಂದ ನಗರದ ಜನರು ತಮ್ಮನ್ನು ನಡೆಸುವವನು ಯಾರೆಂದು ನೋಡದೆಯೇ ನಂಬಿ ಕುಳಿತುಕೊಳ್ಳುವುದನ್ನು ಅಭ್ಯಾಸಮಾಡಿಕೊಂಡರು. ಸಾರಥಿಯಿಲ್ಲದ ರೈಲಿಗೆ ಬೇಕಾದ ಮನೋಭಾವವು ಹೀಗೆ ಬಹುಕಾಲ ಮೊದಲೇ ಸಿದ್ಧವಾಯಿತೆನ್ನಬಹುದು.

ಮೋಟಾರು ಕಾರಿನ ಚರಿತ್ರೆಯಲ್ಲಿ ಸಾರಥಿಯು ಹೋದದ್ದು ಬೇರೆಯ ಬಾಗಿಲಿನಿಂದ. ಮದರಾಸಿನ ಸಿಂಪ್ಸನ್ ಕಂಪೆನಿಯು ೧೮೪೦ರಲ್ಲಿ ಕುದುರೆಗಾಡಿಗಳನ್ನು ಕಟ್ಟುವ ಉದ್ಯಮವಾಗಿ ಹುಟ್ಟಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರುಗಳ ಕಡೆಗೆ ತಿರುಗಿತು. ಗಾಡಿ ಕಟ್ಟುವ ಕೈಗಳೇ ಕಾರಿನ ಮೈಯನ್ನೂ ಕಟ್ಟಿದುದರಿಂದ ಹಳೆಯ ಅಂತರಗಳೂ ಹೊಸ ವಾಹನದಲ್ಲಿ ಉಳಿದುವು. ಹಿಂದಿನ ಆಸನ ಒಡೆಯನದು, ಮುಂದಿನದು ಚಾಲಕನದು. ಸ್ವಾತಂತ್ರ್ಯಾನಂತರದಲ್ಲಿ ಮಧ್ಯಮವರ್ಗದ ಸಂಸಾರಗಳು ಸಣ್ಣ ಕಾರುಗಳನ್ನು ಕೊಂಡವು. ಮದರಾಸಿನ ಸಮೀಪದ ವಂಡಲೂರಿನಲ್ಲಿ ತಯಾರಾಗುತ್ತಿದ್ದ ಸ್ಟಾಂಡರ್ಡ್ ಹೆರಾಲ್ಡ್ ಅವುಗಳಲ್ಲೊಂದು. ಆಗ ಒಡೆಯನು ತಾನೇ ಮುಂದಿನ ಆಸನಕ್ಕೆ ಬಂದು ಚಕ್ರವನ್ನು ಹಿಡಿದನು. ಕಾರು ನಡೆಸುವುದು ಕೂಲಿಯ ಕೆಲಸವೆನಿಸದೆ ಹೆಮ್ಮೆಯ ವಿಷಯವಾಯಿತು.

ಈ ಹೆಮ್ಮೆಗೆ ಸೊಗಸಾದ ಆವರಣವನ್ನು ಒದಗಿಸಿದವರು ಒಬ್ಬ ಕನ್ನಡನಾಡಿನವರೇ. ದಕ್ಷಿಣ ಕನ್ನಡ ಜಿಲ್ಲೆಯ ಕಡಂದಲೆಯಿಂದ ಬಂದು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಸ್ಥಾಪಿಸಿದ ಕೃಷ್ಣರಾಯರು ೧೯೬೨ರಲ್ಲಿ ಕೆಥೀಡ್ರಲ್ ರಸ್ತೆಯ ತೋಟವೊಂದರಲ್ಲಿ ಡ್ರೈವ್-ಇನ್ ಉಪಾಹಾರಗೃಹವನ್ನು ತೆರೆದರು. ಮರದ ನೆರಳಿನಲ್ಲಿ ಕಾರು ನಿಲ್ಲುವುದು. ಮಾಣಿಯು ಕಾರಿನ ಬಾಗಿಲಿಗೆ ತಟ್ಟೆಯನ್ನು ಸಿಕ್ಕಿಸಿ ದೋಸೆ, ಕಾಫಿಗಳನ್ನಿಡುವುದು. ಗಂಡಹೆಂಡಿರು ಮಕ್ಕಳೊಡನೆ ಕಾರಿನೊಳಗೇ ಕುಳಿತು ಹರಟುವುದು. ಓಡುವುದಕ್ಕೆಂದು ಹುಟ್ಟಿದ ವಾಹನವು ನಿಂತಲ್ಲಿಯೇ ಪಡಸಾಲೆಯಾಯಿತು. ಮುಂದೆ ತಾನೇ ಓಡುವ ಕಾರನ್ನು ಕಲ್ಪಿಸಿದವರು ಅದರೊಳಗಣ ಆಸನಗಳನ್ನು ಎದುರುಬದುರಾಗಿ ಇಟ್ಟು ಒಂದು ಕೋಣೆಯಂತೆ ಚಿತ್ರಿಸಿದರು. ಆ ಚಿತ್ರದ ಸುಖವನ್ನು ಮದರಾಸಿನ ಸಂಸಾರಗಳು ಮೊದಲೇ ಅನುಭವಿಸಿದ್ದುವು. ಆ ಉಪಾಹಾರಗೃಹವು ೨೦೦೮ರಲ್ಲಿ ಮುಚ್ಚಿತು; ಆ ನೆಲದಲ್ಲಿ ೨೦೧೦ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವು ತೆರೆಯಿತು.

೫

ಸಾರಥಿಯು ಮರೆಯಾಗುವುದೇ ಸದಾ ನಷ್ಟವೆಂದು ಭಾವಿಸುವುದು ತಪ್ಪಾದೀತು. ಮನುಷ್ಯನು ಮನುಷ್ಯನನ್ನು ಎಳೆಯುವ ಕೈರಿಕ್ಷಾಗಳು ಮದರಾಸಿನಲ್ಲಿ ಬಹುಕಾಲ ಬಳಕೆಯಲ್ಲಿದ್ದುವು. ಬಿಸಿಲಿನಲ್ಲಿ ಕಾದ ರಸ್ತೆ, ಮಳೆಗಾಲದಲ್ಲಿ ಮೊಣಕಾಲುದ್ದದ ನೀರು, ಎರಡರಲ್ಲಿಯೂ ಎಳೆಯುವವನ ಕಾಲುಗಳು ಪ್ರಯಾಣಿಕನ ಕಣ್ಣೆದುರಿಗೇ ಇರುತ್ತಿದ್ದುವು. ಅಷ್ಟು ಹತ್ತಿರವಿದ್ದರೂ ಆ ದುಡಿಮೆಯನ್ನು ನೋಡದಿರುವುದನ್ನು ಜನರು ಕಲಿತಿದ್ದರು. ೧೯೭೩ರಲ್ಲಿ ಕರುಣಾನಿಧಿಯವರ ಸರ್ಕಾರವು ತಮಿಳುನಾಡಿನಲ್ಲಿ ಕೈರಿಕ್ಷಾಗಳನ್ನು ರದ್ದುಗೊಳಿಸಿ, ಎಳೆಯುವವರಿಗೆ ಸೈಕಲ್ ರಿಕ್ಷಾಗಳನ್ನು ಕೊಡುವ ಏರ್ಪಾಡನ್ನು ಮಾಡಿತು. ಅಂದು ಹೋದದ್ದು ಸಾರಥ್ಯವಲ್ಲ, ಅವಮಾನ. ಕೈ ಬಂಡಿಯ ದಂಡಿಗೆಯನ್ನು ಬಿಟ್ಟು ಸೈಕಲಿನ ಹಿಡಿಯನ್ನು ಹಿಡಿಯಿತು. ಬೋಯಿಗಳ ಹೆಗಲಿನಿಂದ ಪಲ್ಲಕ್ಕಿ ಇಳಿದುದನ್ನು ಯಾರೂ ಸೌಂದರ್ಯದ ಹಾನಿಯೆಂದು ಶೋಕಿಸಬೇಕಾಗಿಲ್ಲವಷ್ಟೆ.

ಇದೇ ಕಾಲದಲ್ಲಿ ಸಾರಥಿಯು ಬೆಳ್ಳಿತೆರೆಯ ಮೇಲೆ ನಾಯಕನಾಗಿ ಮೆರೆದನೆಂಬುದು ಸ್ವಾರಸ್ಯವಾದ ಸಂಗತಿ. ೧೯೭೧ರಲ್ಲಿ ತೆರೆಕಂಡ 'ರಿಕ್ಷಾಕಾರನ್' ಚಿತ್ರದಲ್ಲಿ ಎಂ.ಜಿ. ರಾಮಚಂದ್ರನ್ ಸೈಕಲ್ ರಿಕ್ಷಾ ನಡೆಸುವವನಾಗಿ ಅಭಿನಯಿಸಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಕನ್ನಡದಲ್ಲಿ ೧೯೮೦ರ 'ಆಟೋ ರಾಜ' ಚಿತ್ರದ ಶಂಕರ್ ನಾಗ್ ಅವರನ್ನು ಬೆಂಗಳೂರಿನ ಆಟೋ ಚಾಲಕರು ತಮ್ಮವರೆಂದೇ ಎಣಿಸಿದರು. ೧೯೯೦ರಲ್ಲಿ ಅವರು ತೀರಿಕೊಂಡ ಬಳಿಕವೂ ಆಟೋಗಳ ಮೇಲೆ ಅವರ ಚಿತ್ರವು ಉಳಿಯಿತು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರಾಗಿದ್ದು ಮದರಾಸಿಗೆ ಬಂದು ನಟರಾದ ರಜನೀಕಾಂತರು ೧೯೯೫ರ 'ಬಾಷಾ' ಚಿತ್ರದಲ್ಲಿ ಆಟೋ ಚಾಲಕನ ವೇಷವನ್ನು ಧರಿಸಿದರು.

ಆಟೋವಿನ ಅಲಂಕಾರವನ್ನು ಈ ದೃಷ್ಟಿಯಿಂದ ನೋಡಬೇಕು. ಹಿಂಬದಿಯಲ್ಲಿ ಬರೆಸಿದ ತಾಯಿಯ ಹೆಸರು, ಕನ್ನಡಿಯ ಬಳಿಯ ದೇವರ ಪಟ, ದಿನವೂ ಬದಲಾಗುವ ಮಲ್ಲಿಗೆಯ ಮೊಳ, ಮಗುವಿನ ಭಾವಚಿತ್ರ, ಇವು ಕಾರ್ಖಾನೆಯಿಂದ ಬಂದವಲ್ಲ. ಚಾಲಕನು ತನ್ನ ಇರವನ್ನು ವಾಹನದ ಮೈಮೇಲೆ ತಾನೇ ಬರೆದುಕೊಂಡದ್ದು. ಪಲ್ಲಕ್ಕಿಯ ಅಲಂಕಾರವು ಒಳಗಿನವನದು. ಆಟೋವಿನ ಅಲಂಕಾರವು ನಡೆಸುವವನದು. ವಾಹನಸೌಂದರ್ಯದ ಚರಿತ್ರೆಯಲ್ಲಿ ಇದು ಸಣ್ಣ ಪಲ್ಲಟವಲ್ಲ. ಬಾಡಿಗೆಯ ವಿಷಯದಲ್ಲಿ ವಾದವಿವಾದಗಳು ಉಂಟಾಗುವುದುಂಟು. ಆದರೆ ವಾದಿಸುವುದಕ್ಕೆ ಅಲ್ಲಿ ಒಂದು ಮುಖವಿರುತ್ತದೆ. ಕೀಲ್ಪಾಕಿನ ಆಸ್ಪತ್ರೆಯ ಬಾಗಿಲಿನಲ್ಲಿ ರೋಗಿಯನ್ನು ತೋಳುಹಿಡಿದು ಇಳಿಸುವ ಕೈಯೂ ಆ ಮುಖದವನದೇ.

ಮೊಬೈಲ್ ಫೋನಿನ ಮೂಲಕ ವಾಹನವನ್ನು ಕರೆಸುವ ಪದ್ಧತಿ ಬಂದ ಮೇಲೆ ಈ ಚಾಲಕನ ಕೈಯಿಂದಲೂ ದಾರಿಯು ಜಾರಿತು. ಫೋನಿನೊಳಗಣ ದನಿಯು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತದೆ. ಕೆಲ್ಲೀಸಿನ ಒಳಬೀದಿಗಳನ್ನು ಹುಟ್ಟಿದಂದಿನಿಂದ ಬಲ್ಲವನೂ ಅದನ್ನನುಸರಿಸುತ್ತಾನೆ. ಟ್ರಾಮಿನ ಕಾಲದಲ್ಲಿ ಕಣ್ಣಿಗೆ ಕಾಣುತ್ತಿದ್ದ ಕಂಬಿಯು ಈಗ ಕಣ್ಣಿಗೆ ಕಾಣದ ಕಂಬಿಯಾಗಿ ಮತ್ತೆ ಬಂದಿದೆಯೆಂದು ಹೇಳಿದರೆ ತಪ್ಪಾಗದು.

೬

ಪೂರ್ಣವಾಗಿ ಸಾರಥಿಯಿಲ್ಲದ ರೈಲಿಗೆ ಹೊರದೇಶಗಳಲ್ಲಿ ಆಗಲೇ ದೀರ್ಘವಾದ ಇತಿಹಾಸವುಂಟು. ಲಂಡನ್ನಿನ ವಿಕ್ಟೋರಿಯಾ ಮಾರ್ಗದಲ್ಲಿ ೧೯೬೮ರಿಂದಲೇ ರೈಲು ತಾನಾಗಿ ಓಡಿ ತಾನಾಗಿ ನಿಲ್ಲುತ್ತಿತ್ತು. ಬಾಗಿಲು ಮುಚ್ಚಿ ಗುಂಡಿಯನ್ನು ಒತ್ತುವುದಕ್ಕೆ ಒಬ್ಬನಿದ್ದನು. ಜಪಾನಿನ ಕೋಬೆ ನಗರದಲ್ಲಿ ೧೯೮೧ರಲ್ಲಿಯೂ ಫ್ರಾನ್ಸಿನ ಲಿಲ್ ನಗರದಲ್ಲಿ ೧೯೮೩ರಲ್ಲಿಯೂ ಆ ಒಬ್ಬನೂ ಇಲ್ಲದ ಮಾರ್ಗಗಳು ಆರಂಭವಾದುವು. ಭಾರತದಲ್ಲಿ ೨೦೨೦ನೆಯ ಇಸವಿ ಡಿಸೆಂಬರ್ ೨೮ರಂದು ದೆಹಲಿ ಮೆಟ್ರೋವಿನ ಮೆಜೆಂಟಾ ಮಾರ್ಗದಲ್ಲಿ ಇಂಥ ಸಂಚಾರಕ್ಕೆ ಚಾಲನೆ ದೊರೆಯಿತು.

ಚೆನ್ನೈ ಮೆಟ್ರೋವಿನ ಎರಡನೆಯ ಘಟ್ಟವು ೧೧೮.೯ ಕಿಲೋಮೀಟರುಗಳದು. ೨೦೨೪ನೆಯ ಇಸವಿ ಅಕ್ಟೋಬರ್ ೩ರಂದು ಕೇಂದ್ರ ಸಚಿವಸಂಪುಟವು ೬೩,೨೪೬ ಕೋಟಿ ರೂಪಾಯಿಗಳ ಈ ಯೋಜನೆಗೆ ಒಪ್ಪಿಗೆಯಿತ್ತಿತು. ಪೂನಮಲ್ಲಿಯ ಕಡೆಯ ಮಾರ್ಗಕ್ಕೆ ಬೇಕಾದ ರೈಲುಗಳನ್ನು ಆಂಧ್ರದ ಶ್ರೀಸಿಟಿಯ ಕಾರ್ಖಾನೆಯಲ್ಲಿ ತಯಾರಿಸತೊಡಗಿದರು. ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದುದೇನೆಂದರೆ, ೨೦೨೪ರ ನವೆಂಬರಿನಲ್ಲಿ ೭೦ ರೈಲುಗಳನ್ನು, ಎಂದರೆ ೨೧೦ ಬೋಗಿಗಳನ್ನು, ಪೂರೈಸುವ ಗುತ್ತಿಗೆಯು ಬೆಂಗಳೂರಿನ ಬಿ.ಇ.ಎಂ.ಎಲ್. ಸಂಸ್ಥೆಗೆ ದೊರೆಯಿತು. ಸಾರಥಿಯನ್ನು ಬಿಟ್ಟು ಓಡುವ ಚೆನ್ನೈಯ ರಥಗಳನ್ನು ಕಟ್ಟುವ ಕೆಲಸವು ಹೀಗೆ ಬೆಂಗಳೂರಿನ ಕೈಗಳಿಗೆ ಬಂದಿದೆ.

ಇಲ್ಲಿ ಯಂತ್ರಕ್ಕೆ ಸೇರಿದುದು ಏನು? ದಾರಿಯು ಕಂಬಿಗೆ ಮೊದಲೇ ಸೇರಿದ್ದಿತು. ಮೊದಲ ಘಟ್ಟದ ರೈಲಿನಲ್ಲಿಯೇ ಚಾಲಕನು ವೇಗದ ಮಿತಿಯನ್ನು ಮೀರಿದರೆ ಬ್ರೇಕು ತಾನಾಗಿ ಹಿಡಿಯುವ ವ್ಯವಸ್ಥೆಯುಂಟು. ಎರಡನೆಯ ಘಟ್ಟದಲ್ಲಿ ರೈಲುಗಳೂ ನಿಯಂತ್ರಣ ಕೇಂದ್ರವೂ ರೇಡಿಯೋ ಮೂಲಕ ಎಡೆಬಿಡದೆ ಸಂಪರ್ಕದಲ್ಲಿದ್ದು, ಹೊರಡುವುದು, ನಿಲ್ಲುವುದು, ಬಾಗಿಲು ತೆರೆದು ಮುಚ್ಚುವುದು ಎಲ್ಲವೂ ಯಂತ್ರದಿಂದಲೇ ನಡೆಯತಕ್ಕದ್ದು. ಕಂಬಿಯ ಅಂಚಿಗೆ ಗಾಜಿನ ಬಾಗಿಲುಗಳನ್ನು ನಿಲ್ಲಿಸುವುದೂ ಇದಕ್ಕಾಗಿಯೆ: ಅಡ್ಡ ಬರುವ ಮಗುವನ್ನು ಕಾಣುವ ಕಣ್ಣು ಇಲ್ಲವಾದಲ್ಲಿ ಮಗುವು ಅಡ್ಡ ಬಾರದಂತೆಯೇ ಮಾಡುವುದು ಅದರ ತತ್ತ್ವ.

ಪ್ರಯಾಣಿಕನಿಗೆ ಇದರಿಂದ ಒದಗುವ ಹೊಸ ಸೌಂದರ್ಯವು ನಿಜವಾದುದೆ. ೨೦೦೨ರಲ್ಲಿ ತೆರೆದ ಕೋಪನ್‌ಹೇಗನ್ ನಗರದ ಮೆಟ್ರೋದಲ್ಲಿ ಚಾಲಕನ ಕೋಣೆಯಿಲ್ಲದುದರಿಂದ ಎಲ್ಲಕ್ಕೂ ಮುಂದಿನ ಕಿಟಕಿಯು ಪ್ರಯಾಣಿಕರಿಗೇ ದಕ್ಕಿತು. ಅಲ್ಲಿ ಕುಳಿತುಕೊಳ್ಳಲು ಮಕ್ಕಳಿಗೆ ಎಲ್ಲಿಲ್ಲದ ಆಸೆ. ಹಿಂದೆ ಸಾರಥಿಯೊ��್ಬನೇ ಕಾಣುತ್ತಿದ್ದ ಎದುರಿನ ನೋಟವು ಸರ್ವರದೂ ಆಗುವುದು ಒಳ್ಳೆಯ ಮಾತೆ. ಆದರೆ ಆ ಆಸನದೊಡನೆ ಸಾರಥಿಯ ಹೊಣೆಯು ಯಾರ ಪಾಲಿಗೆ ಬಂದಿತು?

ರಸ್ತೆಯ ಮೇಲಣ ಕಾರುಗಳ ವಿಷಯದಲ್ಲಿ ಈ ಪ್ರಶ್ನೆಯು ಹೆಚ್ಚು ತೀಕ್ಷ್ಣವಾಗಿದೆ. ಅಮೆರಿಕದ ಅರಿಜೋನಾ ಸಂಸ್ಥಾನದ ಟೆಂಪಿ ಎಂಬ ಊರಿನಲ್ಲಿ ೨೦೧೮ರ ಮಾರ್ಚಿನಲ್ಲಿ, ಪರೀಕ್ಷಾರ್ಥವಾಗಿ ತಾನೇ ಓಡುತ್ತಿದ್ದ ಕಾರೊಂದು, ಸೈಕಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳಿಗೆ ಬಡಿದು ಅವಳು ಸತ್ತಳು. ಕಾರನ್ನು ನಡೆಸುತ್ತಿದ್ದುದು ಯಂತ್ರ. ಮೇಲ್ವಿಚಾರಣೆಗಾಗಿ ಒಬ್ಬ ವ್ಯಕ್ತಿ ಆಸನದಲ್ಲಿದ್ದರು. ಕಂಪೆನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. ೨೦೨೩ರಲ್ಲಿ ಶಿಕ್ಷೆಗೊಳಗಾದುದು ಆಸನದಲ್ಲಿದ್ದ ವ್ಯಕ್ತಿಯೆ. ಸಾರಥ್ಯವು ಯಂತ್ರಕ್ಕೆ, ಅಪರಾಧವು ಮನುಷ್ಯನಿಗೆ! ಭಾರತದಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ೨೦೧೭ರಲ್ಲಿ, ಚಾಲಕರ ಉದ್ಯೋಗವನ್ನು ಕಳೆಯುವ ಇಂಥ ಕಾರುಗಳಿಗೆ ಅವಕಾಶವಿಲ್ಲವೆಂದು ಸಾರಿದರು. ಅವರು ಎತ್ತಿದುದು ಅನ್ನದ ಪ್ರಶ್ನೆ; ಅದರ ಬೆನ್ನಿಗೇ ಇರುವುದು ಹೊಣೆಯ ಪ್ರಶ್ನೆ.

೭

ಇದಕ್ಕೆ ಉತ್ತರದ ಸುಳಿವು ದೇವಾಲಯದ ತೇರಿನಲ್ಲಿ ದೊರೆಯುತ್ತದೆ. ಮೈಲಾಪುರದ ಕಪಾಲೀಶ್ವರನ ತೇರನ್ನಾಗಲಿ ನಂಜನಗೂಡಿನ ಶ್ರೀಕಂಠೇಶ್ವರನ ತೇರನ್ನಾಗಲಿ ಹೊರಗಿನಿಂದ ನೋಡಿದವನಿಗೆ ಅದನ್ನು ನಡೆಸುವವನು ಇಂಥವನೆಂದು ತೋರದು. ಹಗ್ಗ ಹಿಡಿದವರು ನೂರಾರು ಜನ. ಚಕ್ರದ ಬಳಿ ಮರದ ಬೆಣೆಯನ್ನು ಕೊಟ್ಟು ತೇರನ್ನು ತಿರುಗಿಸುವವರು, ನಿಲ್ಲಿಸುವವರು ಕೆಲವೇ ಮಂದಿ. ಪ್ರಾಣದ ಹಂಗು ತೊರೆದು ಚಕ್ರದ ಪಕ್ಕದಲ್ಲಿ ಬಗ್ಗಿ ನಡೆಯುವ ಆ ಬೆಣೆಯವರನ್ನು ಊರು ಬಲ್ಲದು. ತೇರಿಗೆ ಸಾರಥಿಯೊಬ್ಬನಿಲ್ಲದಿದ್ದರೂ ಸಾರಥ್ಯವಿದೆ. ಅದು ಹಂಚಿಹೋಗಿದೆ, ಆದರೆ ಹೆಸರಿಲ್ಲದೆ ಹೋಗಿಲ್ಲ.

ಚಾಲಕನಿಲ್ಲದ ರೈಲಿನಲ್ಲಿಯೂ ಸಾರಥ್ಯವು ಅಳಿಯುವುದಿಲ್ಲ, ಹಂಚಿಹೋಗುತ್ತದೆ. ನಿಯಂತ್ರಣ ಕೇಂದ್ರದ ಪರದೆಗಳ ಮುಂದೆ ರಾತ್ರಿಯೆಲ್ಲ ಕಣ್ಣು ಮಿಟುಕಿಸದೆ ಕುಳಿತಿರುವವರು, ಕಡೆಯ ರೈಲು ಹೋದ ಮೇಲೆ ಸುರಂಗಕ್ಕಿಳಿದು ಕಂಬಿಯನ್ನು ಪರೀಕ್ಷಿಸುವವರು, ಸಂಕೇತಯಂತ್ರಕ್ಕೆ ಸೂತ್ರಗಳನ್ನು ಬರೆದವರು, ಬಾಗಿಲಿನ ಸಂದನ್ನು ಅಳೆದವರು, ಇವರೆಲ್ಲ ಬೆಣೆಯವರೆ. ಎಚ್ಚರವೆಂಬ ಮೂರನೆಯ ಅಂಗವು ಇವರ ಬಳಿಗೆ ಹೋಗಿದೆ. ಪ್ರಯಾಣಿಕನ ಕಣ್ಣಿಗೆ ಮಾತ್ರ ಇವರು ಕಾಣರು. ನುಣುಪಾದ ಉಕ್ಕು, ತಂಪಾದ ಗಾಳಿ, ದೋಷವಿಲ್ಲದ ಬೆಳಕು, ಇವುಗಳ ಅಂದವು ಈ ಜನರನ್ನು ಮರೆಸುವುದಾದರೆ ಅದು ಪಲ್ಲಕ್ಕಿಯ ಅಂದಕ್ಕಿಂತ ಮೇಲಾದುದೆಂದು ಹೇಳಲಾಗದು. ಹೆಗಲಿನ ನೋವನ್ನು ಕಳೆದು, ಎಚ್ಚರವಿರುವವರ ಹೆಸರನ್ನೂ ಹೊಣೆಯನ್ನೂ ಪ್ರಕಟವಾಗಿ ಉಳಿಸಿದರೆ, ಹಿಂದಿನ ಯಾವ ವಾಹನಕ್ಕೂ ಇಲ್ಲದ ಔಚಿತ್ಯವು ಅದಕ್ಕೆ ಲಭಿಸುತ್ತದೆ.

ಕೀಲ್ಪಾಕಿನ ನಿಲ್ದಾಣದಲ್ಲಿ ಎರಡು ಮಾರ್ಗಗಳೂ ಕೂಡಿದ ಮೇಲೆ ಪ್ರಯಾಣಿಕನು ಒಂದು ರೈಲಿನಿಂದಿಳಿದು ಮತ್ತೊಂದನ್ನು ಏರುವನು. ಮೊದಲನೆಯದರಲ್ಲಿ ಮುಂದೆ ಒಬ್ಬನು ಕುಳಿತಿರುವನು. ಎರಡನೆಯದರಲ್ಲಿ ಗಾಜು ಮಾತ್ರ ಇರುವುದು. ಅದೇ ರೈಲು ನೆಲದಡಿಯಲ್ಲಿ ಮೈಲಾಪುರವನ್ನು ಸೇರುವಾಗ, ಅಲ್ಲಿಗೆ ಅನತಿದೂರದ ತಿರುವಲ್ಲಿಕ್ಕೇಣಿಯಲ್ಲಿ, ಮುಖದ ಮೇಲೆ ಬಾಣದ ಗಾಯಗಳನ್ನು ಹೊತ್ತ ಸಾರಥಿಯು ನಿಂತಿರುತ್ತಾನೆ. ಪೆಟ್ಟು ಬಿದ್ದ ದಿನ ಮುಂದೆ ಬಂದು ನಿಲ್ಲತಕ್ಕ ಮುಖವು ಯಾವುದೆಂದು ಆ ಗಾಜಿನ ರಥವನ್ನು ಕಟ್ಟುವವರೂ ನಡೆಸುವವರೂ ಮೊದಲೇ ನಿಶ್ಚಯಿಸತಕ್ಕದ್ದು.